ಗಿರಾಕಿಯನ್ನು ಕಾಯಿಸಬೇಕು

ಕೇಶವಪ್ರಸಾದ ಮಾಸ್ಟ್ರು ತಮ್ಮ ಜೀವಮಾನದಲ್ಲಿ ಯಾರಿಗೂ ಒಂದು ಬೆಂಕಿಪೆಟ್ಟಿಗೆಯನ್ನು ಕೂಡ ಮಾರಿದವರಲ್ಲ. ಆದರೂ ವ್ಯಾಪಾರ ಮಾಡುವುದು ಹೇಗೆ ಎಂದು ಅವರಷ್ಟು ನಿಶ್ಚಯವಾಗಿ ಹೇಳಬಲ್ಲವರು ಮೀಂಜ ಪಂಚಾಯತಿನಲ್ಲಿ ಇನ್ನೊಬ್ಬರಿರಲಿಲ್ಲ. ಹಗಲು ಹೊತ್ತು ಹೈಯರ್ ಸೆಕೆಂಡರಿ ಶಾಲೆಯಲ್ಲಿ ಪ್ಲಸ್ ಟು ಮಕ್ಕಳಿಗೆ ಬಿಸಿನೆಸ್ ಸ್ಟಡೀಸ್ ಕಲಿಸುತ್ತಿದ್ದರು. ವಾರಕ್ಕೊಮ್ಮೆ, ಕಾಸರಗೋಡಿನಿಂದ ಹೊರಡುವ ‘ಗಡಿಸಂಜೆ’ ಎಂಬ ಪತ್ರಿಕೆಗೆ ‘ಗೆಲುವಿನ ಮೆಟ್ಟಿಲು’ ಎಂಬ ಅಂಕಣ ಬರೆಯುತ್ತಿದ್ದರು. ಬಂಡವಾಳ ಹೂಡುವುದು ಹೇಗೆ, ಸೋತರೆ ಏಳುವುದು ಹೇಗೆ, ಪೈಪೋಟಿಯವನನ್ನು ಪ್ರೀತಿಸುತ್ತಲೇ ಮಣಿಸುವುದು ಹೇಗೆ ಎಂಬುದನ್ನೆಲ್ಲ ಜಗಲಿಯ ಮೇಜಿನ ಮುಂದೆ ಕುಳಿತು, ತಿಂಗಳ ಮೊದಲ ವಾರ ತಪ್ಪದೆ ಸಂಬಳ ಬರುವ ಮನುಷ್ಯನ ನಿಶ್ಚಿಂತೆಯಿಂದ ಬರೆಯುತ್ತಿದ್ದರು. ಆ ನಿಶ್ಚಿಂತೆಯೇ ಬರಹಕ್ಕೆ ಒಂದು ಬಗೆಯ ಧೈರ್ಯವನ್ನು ಕೊಟ್ಟಿತ್ತು.

ಅವರ ಹೆಂಡತಿ ಶ್ರೀರಂಜಿನಿ ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ನಿಜವಾದ ವ್ಯಾಪಾರಿಗಳ ಮುಖವನ್ನು ದಿನಾ ನೋಡುವವಳು. ಗಂಡನ ಅಂಕಣವನ್ನು ಅವಳು ಓದುತ್ತಿದ್ದಳು. ಕಾಗುಣಿತದ ತಪ್ಪು ಕಂಡರೆ ಹೇಳುತ್ತಿದ್ದಳು. ಉಳಿದ ವಿಷಯಕ್ಕೆ ಬಾಯಿ ಹಾಕುತ್ತಿರಲಿಲ್ಲ. ‘ಸಾಹಸಕ್ಕೆ ಹೆದರದಿರಿ’ ಎಂಬ ಲೇಖನ ಬಂದ ವಾರ ಮಾತ್ರ, “ಹಾಗಾದರೆ ನಮ್ಮ ಫಿಕ್ಸೆಡ್ ಡೆಪಾಸಿಟ್ ತೆಗೆದು ನಾವೂ ಎಂತಾದರೂ ಶುರು ಮಾಡುವನಾ?” ಎಂದು ಕೇಳಿದ್ದಳು. ಮಾಸ್ಟ್ರು ಆ ವಾರವೆಲ್ಲ ಅವಳೊಡನೆ ಸರಿಯಾಗಿ ಮಾತಾಡಿರಲಿಲ್ಲ.

ಸೌದಿಯಲ್ಲಿ ಅಲ್ಲಿನವರಿಗೇ ಕೆಲಸ ಕೊಡಬೇಕೆಂಬ ಹೊಸ ಕಾನೂನು ಬಂದು ಊರಿನ ಎಷ್ಟೋ ಮಂದಿ ಗಂಡಸರು ಪೆಟ್ಟಿಗೆ ಕಟ್ಟಿಕೊಂಡು ವಾಪಸು ಬಂದ ವರ್ಷ ಅದು. ಅಂಥವರಿಗೆ ಉಪಯೋಗವಾಗಲೆಂದು ಮಾಸ್ಟ್ರು ‘ವ್ಯಾಪಾರದ ಹಳೆಯ ಪಾಠಗಳು: ಮರೆಯಬೇಕಾದವು’ ಎಂದೊಂದು ಲೇಖನ ಬರೆದರು. ಮೊದಲು ಹಳಬರ ತಪ್ಪು ನಂಬಿಕೆಗಳನ್ನು ಅವರದೇ ದನಿಯಲ್ಲಿ ಹೇಳಿ, ಆಮೇಲೆ ಅವನ್ನು ಒಂದೊಂದಾಗಿ ಬಡಿದುಹಾಕುವುದು ಅವರ ಯೋಜನೆ. ಮೊದಲ ಅರ್ಧವನ್ನು ಚೆನ್ನಾಗಿಯೇ ಬರೆದಿದ್ದರು. “ವ್ಯಾಪಾರಿಯಾದವನು ಒಂದೇ ವಸ್ತುವನ್ನು ಮಾರಬೇಕು. ಗಿರಾಕಿಯನ್ನು ಕಾಯಿಸಬೇಕು; ಕಾದವನಿಗೇ ವಸ್ತುವಿನ ಬೆಲೆ ತಿಳಿಯುವುದು. ‘ಇಲ್ಲ’ ಎನ್ನಲು ನಾಚಬಾರದು. ಮಾಡಿದ್ದು ಮುಗಿದರೆ ಬಾಗಿಲು ಹಾಕಿ ಮನೆಗೆ ಹೋಗಬೇಕು.” ಹೀಗೆ ಹೋಗುತ್ತಿತ್ತು ಅದು. ಇದಾದ ಮೇಲೆ ‘ಇಂಥ ಮಾತು ನಂಬಿ ಕೆಟ್ಟವರೆಷ್ಟು!’ ಎಂದು ಶುರುವಾಗುವ ಎರಡನೆಯ ಅರ್ಧ.

ಶನಿವಾರದ ಪತ್ರಿಕೆಯಲ್ಲಿ ಮೊದಲ ಅರ್ಧವಷ್ಟೇ ಬಂದಿತ್ತು. ಎರಡನೆಯ ಅರ್ಧವಿರಬೇಕಾದ ಜಾಗದಲ್ಲಿ ಜರಿ ಪೇಟ ಸುತ್ತಿದ ಒಬ್ಬ ಹಿರಿಯರ ಭಾವಚಿತ್ರವಿತ್ತು. ಶೀರ್ಷಿಕೆಯೂ ‘ವ್ಯಾಪಾರದ ಹಳೆಯ ಪಾಠಗಳು’ ಎಂಬಲ್ಲಿಗೆ ಮುಗಿದಿತ್ತು. ಮಾಸ್ಟ್ರು ಸಂಪಾದಕ ಪುರುಷೋತ್ತಮರಿಗೆ ಫೋನು ಹಚ್ಚಿದರು.

“ಎಂತ ಮಾರಾಯ್ರೆ ಇದು? ನಾನು ಹೇಳಿದ್ದಕ್ಕೆ ಪೂರ್ತಿ ಉಲ್ಟಾ ಆಗಿದೆ!”

“ಗೊತ್ತಾಯ್ತು ಮಾಸ್ಟ್ರೆ. ಪೇಜು ಕಟ್ಟುವಾಗ ಒಂದು ಶ್ರದ್ಧಾಂಜಲಿ ಜಾಹೀರಾತು ಬಂತು. ಸತ್ತವರನ್ನು ನಾಳೆಗೆ ಬನ್ನಿ ಅಂತ ಹೇಳ್ಲಿಕ್ಕೆ ಆಗ್ತದಾ? ಉಳಿದದ್ದು ಕಂಪ್ಯೂಟರಿನಲ್ಲಿ ಉಂಟು. ಮುಂದಿನ ವಾರ ಹಾಕುವ.”

ಮುಂದಿನ ವಾರ ಪಂಚಾಯತ್ ವಿಶೇಷಾಂಕ ಬಂತು. ಅದರ ಮುಂದಿನ ವಾರ ಪುರುಷೋತ್ತಮರು ಮರೆತರು. ಓದುಗರಿಂದ ಒಂದಾದರೂ ಆಕ್ಷೇಪದ ಪತ್ರ ಬರಬಹುದೆಂದು ಮಾಸ್ಟ್ರು ಕಾದರು. ಯಾರೂ ಬರೆಯಲಿಲ್ಲ. ತಾನು ತಲೆಕೆಳಗಾಗಿ ನಿಂತರೂ ಜನಕ್ಕೆ ವ್ಯತ್ಯಾಸ ಕಾಣುವುದಿಲ್ಲ ಎಂಬ ಸಂಗತಿ ಅವರನ್ನು ಲೇಖನ ತುಂಡಾದದ್ದಕ್ಕಿಂತ ಹೆಚ್ಚು ನೋಯಿಸಿತು.

ಕೆಲವು ತಿಂಗಳು ಕಳೆದು ಒಂದು ಭಾನುವಾರ ಬೆಳಿಗ್ಗೆ ಅವರ ಮನೆಯೆದುರು ಆಟೋ ನಿಂತಿತು. ಕರಿ ಪರ್ದಾ ತೊಟ್ಟ ಒಬ್ಬ ಹೆಂಗಸು ಇಳಿದಳು. ಕೈಯಲ್ಲಿ ಬಾಳೆಲೆಯ ಮೇಲೆ ಕಾಗದ ಸುತ್ತಿದ ದೊಡ್ಡ ಪೊಟ್ಟಣವಿತ್ತು.

“ಗೆಲುವಿನ ಮೆಟ್ಟಿಲು ಬರೆಯುವ ಸಾರ್ ನೀವೇ ಅಲ್ವಾ? ನಾನು ಮುಹ್ಸಿನಾ. ಬಂದ್ಯೋಡಿನಲ್ಲಿ ಕಲ್ತಪ್ಪ ಮಾಡ್ತೇನೆ. ನಿಮ್ಮಿಂದ ಬದುಕಿದೆವು ಸಾರ್ ನಾವು.”

ಮಾಸ್ಟ್ರಿಗೆ ಇಂಥ ಮಾತು ಕೇಳಿ ಅಭ್ಯಾಸವಿರಲಿಲ್ಲ. ಆಕೆಯನ್ನು ಒಳಗೆ ಕರೆದು ಕೂರಿಸಿದರು. ಮುಹ್ಸಿನಾ ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಅವಳ ಗಂಡ ಅಶ್ಕರ್ ಸೌದಿಯ ದಮ್ಮಾಮಿನಲ್ಲಿ ಗೋದಾಮಿನ ಸೂಪರ್‌ವೈಸರ್ ಆಗಿದ್ದವನು, ಕೆಲಸ ಹೋಗಿ ಮರಳಿ ಬಂದಿದ್ದ. ಊರಿನಲ್ಲಿ ಅವನಿಗೆ ಸೂಪರ್‌ವೈಸ್ ಮಾಡಲು ಏನೂ ಸಿಗಲಿಲ್ಲ. ರಸ್ತೆ ಬದಿಯ ತಮ್ಮ ಮನೆಯ ಮುಂದೆಯೇ ಒಂದು ಬೇಕರಿ ಇಡೋಣವೆಂದು ಇಬ್ಬರೂ ಯೋಚಿಸಿದ್ದರು. ಪಫ್ಸ್, ಕೇಕು, ಶವರ್ಮ ಎಲ್ಲ ಇರುವಂಥದ್ದು. ಆಗ ಮೀನು ಕಟ್ಟಿಕೊಂಡು ಬಂದ ಪತ್ರಿಕೆಯಲ್ಲಿ ಈ ಲೇಖನ ಅವಳ ಕಣ್ಣಿಗೆ ಬಿತ್ತು.

“ಅದನ್ನು ಒಣಗಿಸಿ ಓದಿದೆ ಸಾರ್. ಒಂದೇ ವಸ್ತು ಮಾರಬೇಕು ಅಂತ ಇತ್ತು. ನನಗೆ ನೆಟ್ಟಗೆ ಬರುವುದು ಕಲ್ತಪ್ಪ ಒಂದೇ, ಅತ್ತೆ ಕೈಜಮ್ಮ ಕಲಿಸಿದ್ದು. ಅದನ್ನೇ ಇಟ್ಟೆ. ಗಿರಾಕಿಯನ್ನು ಕಾಯಿಸಬೇಕು ಅಂತ ಇತ್ತು. ಕಾಯಿಸಿದೆ. ಮುಗಿದರೆ ಬಾಗಿಲು ಹಾಕಬೇಕು ಅಂತ ಇತ್ತು. ಹಾಕಿದೆ. ಈಗ ಮಂಜೇಶ್ವರದಿಂದ, ಕುಂಬಳೆಯಿಂದ ಕಾರು ಮಾಡಿಕೊಂಡು ಬರ್ತಾರೆ.”

ಮಾಸ್ಟ್ರು ಬಾಯಿ ತೆರೆದರು. “ಅದು ನಿಜವಾಗಿ...” ಎಂದರು. ಆಕೆಯ ಮುಖದಲ್ಲಿ, ಎಂಟು ವರ್ಷ ಅಂಕಣ ಬರೆದರೂ ಯಾರ ಮುಖದಲ್ಲೂ ಕಾಣದಿದ್ದ ಒಂದು ಗೌರವ ಇತ್ತು. “ನಿಜವಾಗಿ ಎಲ್ಲ ನಿಮ್ಮ ಶ್ರಮ,” ಎಂದು ವಾಕ್ಯ ಮುಗಿಸಿದರು.

ಒಳಗೆ ಚಹಾ ಮಾಡುತ್ತಿದ್ದ ಶ್ರೀರಂಜಿನಿಗೆ ಎಲ್ಲ ಕೇಳಿಸಿತ್ತು. ಆಟೋ ಹೊರಟ ಮೇಲೆ ಅವಳು ಪೊಟ್ಟಣ ಬಿಚ್ಚಿ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಬೆಲ್ಲ ಹಾಕಿದ ಅಕ್ಕಿಹಿಟ್ಟಿನ ದಪ್ಪ ಅಪ್ಪ, ಒಳಗೆ ಹುರಿದ ಸಣ್ಣ ನೀರುಳ್ಳಿ, ತೆಂಗಿನಕಾಯಿಯ ಚೂರು.

“ತುಂಬ ಚೆಂದ ಆಗಿದೆ,” ಎಂದಳು. “ಅವಳು ನಿಮ್ಮ ಲೇಖನ ಪೂರ್ತಿ ಓದಿದ್ದರೆ ಇದು ನಮಗೆ ಸಿಗ್ತಿರಲಿಲ್ಲ.”

ಆ ವಾರವೇ ಮಾಸ್ಟ್ರು ಶಾಲೆ ಬಿಟ್ಟವರು ನೇರ ಬಂದ್ಯೋಡಿಗೆ ಹೋದರು. ಅಂಗಡಿಯೆಂದರೆ ಮನೆಯ ಮುಂದಿನ ಚಾವಡಿಗೆ ಒಂದು ಅಡ್ಡ ಮೇಜು, ಮೇಲೊಂದು ನೀಲಿ ಟಾರ್ಪಾಲು, ಕೆಳಗೆ ನಾಲ್ಕಾರು ಬೆಂಚು. ಬೆಂಚುಗಳೆಲ್ಲ ತುಂಬಿದ್ದವು. ನಿಂತವರೂ ಇದ್ದರು. ಅಡುಗೆ ಒಳಗಿನ ಕೋಣೆಯಲ್ಲಿ ನಡೆಯುತ್ತಿತ್ತು. ಘಮ ಮಾತ್ರ ಹೊರಗೆ ಬರುತ್ತಿತ್ತು. ಮೇಜಿನ ಹಿಂದೆ ಇಸ್ತ್ರಿ ಹಾಕಿದ ಅಂಗಿ ತೊಟ್ಟ, ಗಡ್ಡ ಒಪ್ಪ ಮಾಡಿಕೊಂಡ ಅಶ್ಕರ್ ನಿಂತಿದ್ದ. ಮಾರಲು ಅವನ ಬಳಿ ಆ ಹೊತ್ತಿಗೆ ಏನೂ ಇರಲಿಲ್ಲ. ಹಾಗಾಗಿ ಮಾತಾಡುತ್ತಿದ್ದ.

“ಅವಸರ ಇದ್ದವರು ಬೇಕರಿಗೆ ಹೋಗಬಹುದು. ಬೇಕರಿ ಅಲ್ಲೇ ಉಂಟು, ಐವತ್ತು ಬಗೆ ಉಂಟು. ನಮ್ಮಲ್ಲಿ ಒಂದೇ. ಯಾಕೆ ಒಂದೇ? ಇಲ್ಲಿ ನೋಡಿ!”

ಅವನು ತೋರಿಸಿದ್ದು ಗೋಡೆಯನ್ನು. ಅಲ್ಲಿ ಮಾಸ್ಟ್ರ ಲೇಖನ ಲ್ಯಾಮಿನೇಟ್ ಆಗಿ ನೇತಾಡುತ್ತಿತ್ತು. ಮೀನಿನ ಕಲೆ ಒಂದು ಮೂಲೆಯಲ್ಲಿ ಹಾಗೆಯೇ ಉಳಿದಿತ್ತು. ಕನ್ನಡ ಬಲ್ಲವರು ಅದನ್ನು ಗಟ್ಟಿಯಾಗಿ ಓದಿ ಬಾರದವರಿಗೆ ಮಲಯಾಳದಲ್ಲಿ ಅರ್ಥ ಹೇಳುತ್ತಿದ್ದರು. ಒಬ್ಬ ಲಾರಿಯವನು ಅದನ್ನು ಯಾವುದೋ ಸರಕಾರಿ ಆದೇಶ ಎಂದೇ ತಿಳಿದು ಪಕ್ಕದವನಿಗೆ ಮೆಲ್ಲಗೆ, “ಕಾಯಿಸಲೇಬೇಕು ಅಂತ ರೂಲ್ ಉಂಟಂತೆ,” ಎಂದ.

ತಾನೇ ಆ ಲೇಖಕ ಎಂದು ಹೇಳಿಕೊಂಡರೆ ಬೇಗ ಸಿಗಬಹುದೆಂದು ಮಾಸ್ಟ್ರಿಗೆ ಅನಿಸಿತು. ಆದರೆ ಕಾಯಿಸಬೇಕು ಎಂದು ಬರೆದವನೇ ಕಾಯದೆ ಹೋಗುವುದು ಚೆನ್ನಾಗಿರುವುದಿಲ್ಲ. ಬೆಂಚಿನ ತುದಿಯಲ್ಲಿ ಕುಳಿತರು. ಬಸ್ಸು ಒಂದು ಹೋಯಿತು, ಇನ್ನೊಂದು ಹೋಯಿತು. ಪಕ್ಕದಲ್ಲಿದ್ದವರು ಮಗಳ ಮದುವೆಯ ವಿಷಯ ಹೇಳಿದರು, ಮಾಸ್ಟ್ರು ಕೇಳಿದರು. ಕೊನೆಗೆ ಮುಟ್ಟಲಾಗದಷ್ಟು ಬಿಸಿಯಿದ್ದ ಅಪ್ಪ ಕೈಗೆ ಬಂತು. ಬಾಯಿ ಸುಟ್ಟುಕೊಂಡು ತಿಂದರು. ಮನೆಯಲ್ಲಿ ತಿಂದದ್ದಕ್ಕಿಂತ ಇದು ರುಚಿ ಎನಿಸಿತು. ಕಾದದ್ದಕ್ಕೆ ರುಚಿಯೋ, ಬಿಸಿಯಿದ್ದದ್ದಕ್ಕೋ, ಗೋಡೆಯ ಮೇಲೆ ತಮ್ಮ ಹೆಸರು ಇದ್ದದ್ದಕ್ಕೋ ಎಂದು ಬಸ್ಸಿನಲ್ಲಿ ಬರುವಾಗ ಉದ್ದಕ್ಕೂ ತರ್ಕಿಸಿದರು. ತಾವು ಕಲಿಸುವ ಶಾಸ್ತ್ರದ ಪ್ರಕಾರ, ಕಾಯಿಸಿದರೆ ಗಿರಾಕಿ ಹೋಗಿಬಿಡಬೇಕಿತ್ತು. ಅವರಂತೂ ಹೋಗಿರಲಿಲ್ಲ.

ಸುದ್ದಿ ಹರಡಲು ಹೆಚ್ಚು ಕಾಲ ಬೇಕಾಗಲಿಲ್ಲ. ಶಾಲೆಯ ಸ್ಟಾಫ್‌ರೂಮಿನಲ್ಲಿ ಅವರಿಗೆ ‘ಕಲ್ತಪ್ಪ ಮಾಸ್ಟ್ರು’ ಎಂಬ ಹೆಸರು ಬಿತ್ತು. ಪುರುಷೋತ್ತಮರು ಅಂಕಣದ ಜೊತೆ ಅವರ ಫೋಟೋ ಹಾಕಲು ಶುರು ಮಾಡಿದರು. ಊರಿನ ಯುವಕ ಸಂಘದವರು ಸನ್ಮಾನ ಮಾಡಿ ಶಾಲು ಹೊದೆಸಿದರು. ಮಾಸ್ಟ್ರು ಪ್ರತಿಸಲವೂ ನಿಜ ಹೇಳಬೇಕೆಂದೇ ಹೋಗುತ್ತಿದ್ದರು. ಆದರೆ ಶಾಲು ಹೊದೆಸುವ ಹೊತ್ತಿಗೆ ಅದನ್ನು ಹೇಳುವುದು ಶಾಲು ತಂದವರಿಗೆ ಅವಮಾನ ಮಾಡಿದಂತೆ ಎಂದು ಕಾಣುತ್ತಿತ್ತು.

ಹೀಗಿರುವಾಗ ಮುದ್ದಣ್ಣ ಬಂದ.

ವಿಲ್ಲೇಜ್ ಆಫೀಸಿನ ಎದುರು ಮುದ್ದಣ್ಣನದು ಜೆರಾಕ್ಸ್ ಅಂಗಡಿ. ಆ ಊರಿನಲ್ಲಿ ರೇಷನ್ ಕಾರ್ಡಿನ, ತೆರಿಗೆ ರಶೀದಿಯ ಪ್ರತಿ ಬೇಕಾದವರೆಲ್ಲ ಅವನಲ್ಲಿಗೇ ಹೋಗಬೇಕು. ಹೋಗಬೇಕಿತ್ತು ಎನ್ನುವುದು ಈಗ ಸರಿ. ಜಗಲಿಯ ಕಂಬಕ್ಕೆ ಒರಗಿ ನಿಂತು ಅವನು ಹೇಳಿದ:

“ಮಾಸ್ಟ್ರೆ, ನಿಮ್ಮದನ್ನು ಓದಿ ನಾನೂ ಕಾಯಿಸಿದೆ.”

“ಜೆರಾಕ್ಸಿಗಾ?”

“ಹೌದು. ಬಂದ ಕೂಡಲೇ ಕೊಡ್ಲಿಲ್ಲ. ಕಾಗದ ಸರಿ ಮಾಡಿದೆ, ಮಿಷನ್ ಒರೆಸಿದೆ, ಚಹಾ ಕುಡಿದು ಬಂದೆ. ಲ್ಯಾಮಿನೇಶನ್, ಸ್ಪೈರಲ್ ಬೈಂಡಿಂಗ್ ಎಲ್ಲ ನಿಲ್ಲಿಸಿದೆ. ಜೆರಾಕ್ಸ್ ಒಂದೇ. ಸೈಡ್ ಒಂದೇ. ಎರಡು ಬದಿ ಬೇಕಾದರೆ ಇಲ್ಲ ಅಂತ ಹೇಳಿದೆ, ನಾಚದೆ.”

“ಮತ್ತೆ?”

“ಮತ್ತೆ ಎಂತ? ಹೋದರು. ಆಚೆ ಬದಿಯಲ್ಲಿ ಜಲಜಾಕ್ಷಿ ಹೊಸ ಮಿಷನ್ ಇಟ್ಟಿದ್ದಾಳೆ. ಬಂದವರಿಗೆ ಕುರ್ಚಿ ಹಾಕ್ತಾಳೆ. ನನ್ನ ಅಂಗಡಿಗೆ ಈಗ ನಾಯಿ ಮಾತ್ರ ಬರ್ತದೆ, ಅದಕ್ಕೆ ಅವಸರ ಇಲ್ಲ.”

ಮಾಸ್ಟ್ರು, “ಅಪ್ಪಕ್ಕೂ ಜೆರಾಕ್ಸಿಗೂ ವ್ಯತ್ಯಾಸ ಉಂಟಲ್ಲ ಮುದ್ದಣ್ಣ,” ಎಂದರು.

“ಉಂಟು. ಅದನ್ನೂ ಬರೀಬೇಕಿತ್ತು ನೀವು,” ಎಂದ ಮುದ್ದಣ್ಣ. ಸಿಟ್ಟಿನಿಂದಲ್ಲ, ಬರೀ ಬೇಸರದಿಂದ. ಆ ದನಿ ಮಾಸ್ಟ್ರ ಕಿವಿಯಲ್ಲಿ ಉಳಿದುಬಿಟ್ಟಿತು. ಬೈದಿದ್ದರೆ ಎದುರುತ್ತರ ಕೊಡಬಹುದಿತ್ತು.

ಆ ರಾತ್ರಿ ಮಾಸ್ಟ್ರು, ಲೇಖನದ ಉಳಿದ ಭಾಗವನ್ನು ಈಗಲಾದರೂ ಅಚ್ಚು ಹಾಕಿಸಿಬಿಡಬೇಕು, ಅದಕ್ಕೆ ಮೊದಲು ಮುಹ್ಸಿನಾಗೆ ಎದುರಿನಲ್ಲೇ ಹೇಳಬೇಕು ಎಂದು ನಿಶ್ಚಯಿಸಿದರು. ಶ್ರೀರಂಜಿನಿ, “ಹೇಳಿ ಬನ್ನಿ. ಬರುವಾಗ ಒಂದು ಅಪ್ಪ ತನ್ನಿ,” ಎಂದಳು.

ಮಾಸ್ಟ್ರು ಹೋದದ್ದು ಮಧ್ಯಾಹ್ನ, ಅಂಗಡಿ ತೆರೆಯುವ ಮೊದಲು. ಅಶ್ಕರ್ ಬೆಲ್ಲ ತರಲು ಉಪ್ಪಳಕ್ಕೆ ಹೋಗಿದ್ದ. ಮುಹ್ಸಿನಾ ಚಾವಡಿಯಲ್ಲಿ ಕುಳಿತು ನೀರುಳ್ಳಿ ಸುಲಿಯುತ್ತಿದ್ದಳು. ಅವರನ್ನು ಕಂಡು ಎದ್ದು ತಲೆಯ ಬಟ್ಟೆ ಸರಿಮಾಡಿಕೊಂಡು ಕುರ್ಚಿ ಎಳೆದಳು. ಮಾಸ್ಟ್ರು ಕುಳಿತದ್ದೇ ತಡ, ಇಡೀ ಸಂಗತಿಯನ್ನು ಒಂದೇ ಉಸಿರಿಗೆ ಹೇಳಿದರು. ಶ್ರದ್ಧಾಂಜಲಿ ಜಾಹೀರಾತು, ತುಂಡಾದ ಲೇಖನ, ತಾನು ಹೇಳಹೊರಟದ್ದು ಇದಕ್ಕೆ ಸರಿಯಾಗಿ ವಿರುದ್ಧವಾದದ್ದು, ಎಲ್ಲ.

ಆಕೆ ಸಿಟ್ಟಾಗಬಹುದು, ಅಳಬಹುದು, ಕಡೇಪಕ್ಷ ಬೆಚ್ಚಿಬೀಳಬಹುದು ಎಂದು ಮಾಸ್ಟ್ರು ತಯಾರಾಗಿ ಬಂದಿದ್ದರು. ಮುಹ್ಸಿನಾ ಇನ್ನೊಂದು ನೀರುಳ್ಳಿ ತೆಗೆದುಕೊಂಡಳು.

“ಹೌದಾ ಸಾರ್? ಹಾಗಾದರೆ ಕಾಯಿಸಬಾರದು ಅಂತಲಾ ನೀವು ಹೇಳಿದ್ದು?”

“ಹೌದು.”

“ಕಾಯಿಸದೆ ನಾನು ಎಂತ ಮಾಡ್ಲಿಕ್ಕೆ ಇತ್ತು? ಒಂದೇ ಒಲೆ. ಎರಡು ಕುಕ್ಕರ್. ಅಪ್ಪ ಬೇಯಲಿಕ್ಕೆ ಅದಕ್ಕೆ ಬೇಕಾದಷ್ಟು ಹೊತ್ತು ಬೇಕು, ನಾನು ಅವಸರ ಮಾಡಿದರೆ ಮೇಲೆ ಕರಿಯಾಗಿ ಒಳಗೆ ಹಸಿ ಆಗ್ತದೆ. ಹಿಟ್ಟು ಮುಗಿದರೆ ಮುಗೀತು. ಬಾಗಿಲು ಹಾಕದೆ ಖಾಲಿ ಮೇಜು ಮಾರುವುದಾ?”

ಮಾಸ್ಟ್ರಿಗೆ ಕುರ್ಚಿಯಿಂದ ಯಾರೋ ಮೆಲ್ಲಗೆ ಕೆಳಗಿಳಿಸಿದಂತಾಯಿತು. “ಹಾಗಾದರೆ ನನ್ನ ಲೇಖನ...?”

“ಅಯ್ಯೋ, ಅದು ಬೇಕು ಸಾರ್!” ಎಂದು ಮುಹ್ಸಿನಾ ನೀರುಳ್ಳಿ ಕೆಳಗಿಟ್ಟಳು. “ಶುರುವಿನಲ್ಲಿ ಜನ ಎಷ್ಟು ಬೈಯ್ತಿದ್ದರು ಗೊತ್ತುಂಟಾ? ಇದೆಂತ ಅಂಗಡಿ, ಇದೆಂತ ಸರ್ವಿಸ್ ಅಂತ. ಇವರು ಹೊರಗೆ ನಿಂತು ಸಾರಿ ಸಾರಿ ಅಂತ ಹೇಳಿ ಹೇಳಿ ಗಂಟಲು ಕಟ್ಟಿತ್ತು. ನಿಮ್ಮದನ್ನು ಗೋಡೆಗೆ ತೂಗಿದ ಮೇಲೆ ಸಾರಿ ಹೇಳುವುದು ನಿಂತಿತು. ಪೇಪರಿನಲ್ಲಿ ಬಂದದ್ದು ಅಂದರೆ ಜನಕ್ಕೆ ಒಂದು ಮರ್ಯಾದೆ. ಕಾಯುವವರಿಗೆ ಓದಲಿಕ್ಕೂ ಆಯ್ತು.”

ಮಾಸ್ಟ್ರು ಗೋಡೆ ನೋಡಿದರು. ವ್ಯಾಪಾರದ ತಂತ್ರವೆಂದು ತಾವು ಬರೆದದ್ದು ತಂತ್ರವಾಗಿ ಕೆಲಸಕ್ಕೆ ಬಂದೇ ಇರಲಿಲ್ಲ. ಮೊಳೆಗೆ ತೂಗಿದ ಒಂದು ಫಲಕವಾಗಿ ಬಂದಿತ್ತು. ಅದರಲ್ಲಿ ಅವಮಾನ ಪಡಬೇಕೋ ಸಮಾಧಾನ ಪಡಬೇಕೋ ಗೊತ್ತಾಗಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಪಟ್ಟರು.

“ಒಂದು ಉಪಕಾರ ಮಾಡಿ ಸಾರ್,” ಎಂದಳು ಮುಹ್ಸಿನಾ. “ಆ ಉಳಿದ ಅರ್ಧ ಪೇಪರಿಗೆ ಹಾಕಬೇಡಿ. ಗಿರಾಕಿಗಳು ಓದಿದರೆ ನನಗೆ ಕಷ್ಟ.”

“ಆದರೆ ಸತ್ಯ...”

“ಸತ್ಯ ಹೇಳ್ಬೇಡಿ ಅಂತ ನಾನು ಹೇಳ್ತಾ ಇಲ್ಲ. ಪೇಪರಿಗೆ ಹಾಕಬೇಡಿ ಅಂತ ಅಷ್ಟೇ.”

ಮಾಸ್ಟ್ರು ಒಪ್ಪಿದರು. ಎದ್ದು ಹೊರಟಾಗ, ಬೇಯದ ಅಪ್ಪ ಕೊಡಲಾಗುವುದಿಲ್ಲವೆಂದು ಆಕೆ ಕೊಡಲಿಲ್ಲ. ಶ್ರೀರಂಜಿನಿಗೆ ಬರಿಗೈ ತೋರಿಸಬೇಕಾಯಿತು.

ಮಾರ್ಚ್ ಕಳೆದು ಪ್ಲಸ್ ಟು ಉತ್ತರಪತ್ರಿಕೆಗಳ ಮೌಲ್ಯಮಾಪನದ ಕ್ಯಾಂಪು ಬಂತು. ಮಕ್ಕಳು ‘ಮಾರುಕಟ್ಟೆ’ಯ ಬಗ್ಗೆ ಬರೆದದ್ದನ್ನು ಕೆಂಪು ಶಾಯಿಯಲ್ಲಿ ತಿದ್ದುವುದರಲ್ಲಿ ಮುಳುಗಿದ್ದ ಮಾಸ್ಟ್ರು ಆ ವಾರದ ಅಂಕಣ ಕಳುಹಿಸಲು ಮರೆತರು. ಅದೇ ಶನಿವಾರ ಪುರುಷೋತ್ತಮರಿಗೆ ಬರಬೇಕಿದ್ದ ಒಂದು ದೊಡ್ಡ ಜಾಹೀರಾತೂ ತಪ್ಪಿಹೋಯಿತು. ಪುಟದಲ್ಲಿ ಅಂಗೈಯಗಲ ಬಿಳಿ ಜಾಗ ಉಳಿಯಿತು. ಕಂಪ್ಯೂಟರಿನಲ್ಲಿ ಹುಡುಕಿದರೆ ಒಂದು ಹಳೆಯ ಅರ್ಧ ಲೇಖನ ಸರಿಯಾಗಿ ಆ ಅಳತೆಗೆ ಸಿಕ್ಕಿತು. ಅದಕ್ಕೆ ‘ಬಾಗಿಲು ಮುಚ್ಚಿದವರು’ ಎಂದು ತಲೆಬರಹ ಕೊಟ್ಟು, ಮಾಸ್ಟ್ರ ಫೋಟೋ ಇಟ್ಟು ಅಚ್ಚು ಹಾಕಿಬಿಟ್ಟರು.

“ಇಂಥ ಮಾತು ನಂಬಿ ಕೆಟ್ಟವರೆಷ್ಟು! ಒಂದೇ ವಸ್ತುವನ್ನು ಮಾರುತ್ತ, ಗಿರಾಕಿಗಳನ್ನು ಬೆಂಚಿನ ಮೇಲೆ ಕೂರಿಸಿ ಕಾಯಿಸಿದವರು ಕೊನೆಗೆ ಬಾಗಿಲು ಮುಚ್ಚಬೇಕಾಯಿತು. ಅವರ ರುಚಿಯನ್ನು ನೆನೆಯುವವರು ಇಂದು ನೆನೆಯುತ್ತಾರೆ ಅಷ್ಟೇ.” ಹೀಗೆ ಶುರುವಾಗುವ ಬರಹವನ್ನು ‘ಕಲ್ತಪ್ಪ ಮಾಸ್ಟ್ರು’ ಬರೆದಿದ್ದಾರೆ ಎಂದರೆ ಅದು ಯಾರ ಬಗ್ಗೆ ಎಂದು ಉಪ್ಪಳ, ಬಂದ್ಯೋಡು, ಕುಂಬಳೆಯಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಯಾರೋ ಅದರ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರು. ಸೂರ್ಯ ಮುಳುಗುವ ಮೊದಲೇ ಅದು ದುಬೈ ಮುಟ್ಟಿತು. ಮುಹ್ಸಿನಾಳ ಅಂಗಡಿ ಮುಚ್ಚುತ್ತದಂತೆ!

ಭಾನುವಾರ ಮಾಸ್ಟ್ರಿಗೆ ಅಶ್ಕರನ ಫೋನು ಬಂತು. ಹಿಂದಿನಿಂದ ಸಂತೆಯ ಗದ್ದಲ ಕೇಳುತ್ತಿತ್ತು.

“ಸಾರ್, ಎಂತ ಬರೆದಿದ್ದೀರಿ ನೀವು?”

“ಅಶ್ಕರ್, ನನಗೆ ಗೊತ್ತಿಲ್ಲದೆ ಆದದ್ದು. ನಾನೀಗಲೇ ಬರ್ತೇನೆ, ಬೇಕಾದರೆ ಜನರ ಎದುರೇ ಕ್ಷಮೆ...”

“ಬರಬೇಡಿ ಸಾರ್! ಬಂದರೆ ನಿಲ್ಲಲಿಕ್ಕೆ ಜಾಗ ಇಲ್ಲ. ಬೆಳಿಗ್ಗೆಯಿಂದ ರೋಡು ಬ್ಲಾಕ್. ಮುಚ್ಚುವ ಮೊದಲು ಒಮ್ಮೆ ತಿನ್ನಬೇಕು ಅಂತ ಎಲ್ಲಿಂದೆಲ್ಲ ಬಂದಿದ್ದಾರೆ. ಗಲ್ಫಿನವರು ಊರಿನವರಿಗೆ ಫೋನು ಮಾಡಿ ಪಾರ್ಸೆಲ್ ತೆಗೆದಿಡ್ಲಿಕ್ಕೆ ಹೇಳ್ತಿದ್ದಾರೆ. ಪೊಲೀಸರು ಬಂದಿದ್ದರು.”

“ಪೊಲೀಸರಾ?”

“ರೋಡು ಕ್ಲಿಯರ್ ಮಾಡ್ಲಿಕ್ಕೆ. ಈಗ ಅವರೂ ಕಾಯ್ತಾ ಇದ್ದಾರೆ.”

ಆ ಗದ್ದಲ ಹಲವು ವಾರ ನಿಲ್ಲಲಿಲ್ಲ. ಮುಚ್ಚುವುದಿಲ್ಲ ಎಂದು ಅಶ್ಕರ್ ಎಷ್ಟು ಹೇಳಿದರೂ ಜನ ನಂಬಲಿಲ್ಲ. ಪಾಪ, ಮರ್ಯಾದೆಗೆ ಅಂಜಿ ಹಾಗೆ ಹೇಳುತ್ತಾನೆ ಎಂದುಕೊಂಡರು. ಮುಹ್ಸಿನಾ ಇನ್ನೆರಡು ಒಲೆ ಹಾಕಿದಳು. ನೆರೆಯ ದಮಯಂತಿಯನ್ನೂ ಅವಳ ತಂಗಿಯನ್ನೂ ಕೆಲಸಕ್ಕೆ ಸೇರಿಸಿಕೊಂಡಳು. ಪಂಚಾಯತ್ ಲೈಸೆನ್ಸಿನಲ್ಲಿ ಅಂಗಡಿಗೆ ಒಂದು ಹೆಸರೂ ಬಂತು. ಮುದ್ದಣ್ಣನೂ ಆ ಲೇಖನ ಓದಿ, ಮಾಸ್ಟ್ರು ತನ್ನ ಮಾತಿಗೆ ಬೆಲೆ ಕೊಟ್ಟು ತಿದ್ದಿ ಬರೆದಿದ್ದಾರೆಂದು ತಿಳಿದು ಮತ್ತೆ ಲ್ಯಾಮಿನೇಶನ್ ಶುರು ಮಾಡಿದ. ಮಾಸ್ಟ್ರಿಗೆ ದಾರಿಯಲ್ಲಿ ಸಿಕ್ಕಾಗ ನಮಸ್ಕಾರ ಹೇಳಿದ. ಹೋದ ಗಿರಾಕಿಗಳಲ್ಲಿ ಅರ್ಧ ಜನ ಮಾತ್ರ ಮರಳಿದರು. ಉಳಿದವರಿಗೆ ಜಲಜಾಕ್ಷಿಯ ಕುರ್ಚಿ ಅಭ್ಯಾಸವಾಗಿತ್ತು.

ಒಲೆ ಹೆಚ್ಚಾದ ಮೇಲೆ ಬಂದವರು ಅಷ್ಟಾಗಿ ಕಾಯಬೇಕಾಗಿರಲಿಲ್ಲ. ಒಂದು ದಿನ ಮಾಸ್ಟ್ರು ಹೋದಾಗ ಗೋಡೆಯಲ್ಲಿ ಲೇಖನ ಇರಲಿಲ್ಲ. ಆ ಮೊಳೆಗೆ ಹೊಸ ದರಪಟ್ಟಿ ತೂಗುತ್ತಿತ್ತು. ಮಾಸ್ಟ್ರು ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಮುಹ್ಸಿನಾ ಒಳಗಿನಿಂದಲೇ ಕಂಡು, “ಹೊಗೆಗೆ ಅಕ್ಷರ ಕಾಣದ ಹಾಗೆ ಆಗಿತ್ತು ಸಾರ್. ಒಳಗೆ ಜೋಪಾನ ಮಾಡಿ ಇಟ್ಟಿದ್ದೇನೆ,” ಎಂದಳು. ಲ್ಯಾಮಿನೇಟ್ ಮಾಡಿದ್ದಕ್ಕೆ ಹೊಗೆ ಹಿಡಿದರೆ ಒರೆಸಿದರಾಯಿತು ಎಂದು ಇಬ್ಬರಿಗೂ ಗೊತ್ತಿತ್ತು.

ಜೂನಿನಲ್ಲಿ ಶಾಲೆ ತೆರೆದ ಮೇಲೆ ಕಾಮರ್ಸ್ ವಿಭಾಗದವರು ‘ಯುವ ಉದ್ಯಮಶೀಲತಾ ದಿನ’ ಆಚರಿಸಲು ಹೊರಟರು. ಅತಿಥಿ ಯಾರೆಂದು ಚರ್ಚೆಯೇ ಆಗಲಿಲ್ಲ. ಮಾಸ್ಟ್ರೇ ಹೋಗಿ ಮುಹ್ಸಿನಾಳನ್ನು ಕರೆದರು. ಅವಳು ಒಲೆ ಬಿಟ್ಟು ಬರಲಾಗುವುದಿಲ್ಲ ಎಂದಳು. “ಇವರನ್ನು ಕಳಿಸ್ತೇನೆ ಸಾರ್. ಇವರಿಗೆ ಮಾತಾಡ್ಲಿಕ್ಕೆ ಸಿಕ್ಕಿದರೆ ಸಾಕು. ಈಗ ಕಾಯುವವರು ಕಡಿಮೆ ಆಗಿ ಇವರಿಗೆ ಬೇಜಾರಾಗಿದೆ.”

ಅಶ್ಕರ್ ಕೋಟು ಹಾಕಿಕೊಂಡು ಬಂದ. ದಮ್ಮಾಮಿನಲ್ಲಿ ಕೊಂಡದ್ದು, ಊರಿನ ಸೆಕೆಗೆ ಹೇಳಿದ್ದಲ್ಲ. ಸಭಾಂಗಣದಲ್ಲಿ ಮಕ್ಕಳು ತುಂಬಿದ್ದರು. ಮೊದಲಿಗೆ ಸ್ವಲ್ಪ ತಡವರಿಸಿದ, ಆಮೇಲೆ ಮೈಕು ಅವನ ಕೈಗೆ ಒಗ್ಗಿತು.

“ಮಕ್ಕಳೇ, ನಾನೊಂದು ದಿನ ದಮ್ಮಾಮಿನಲ್ಲಿ ಸಮುದ್ರದ ಬದಿಯಲ್ಲಿ ಒಬ್ಬನೇ ಕುಳಿತಿದ್ದೆ. ಕೆಲಸ ಹೋಗಿತ್ತು. ಎಂತ ಮಾಡುವುದು ಅಂತ ಗೊತ್ತಿರಲಿಲ್ಲ. ಆಗ ಗಾಳಿಗೆ ಒಂದು ಪೇಪರ್ ಹಾರಿಕೊಂಡು ಬಂದು ನನ್ನ ಕಾಲಿಗೆ ತಾಗಿತು. ನೋಡ್ತೇನೆ, ಕನ್ನಡ! ನಿಮ್ಮ ಈ ಸಾರ್ ಬರೆದ ಲೇಖನ!”

ಮಕ್ಕಳು ಚಪ್ಪಾಳೆ ತಟ್ಟಿದರು. ವೇದಿಕೆಯಲ್ಲಿ ಕುಳಿತಿದ್ದ ಮಾಸ್ಟ್ರು ಕಾಸರಗೋಡಿನ ಸಂಜೆಪತ್ರಿಕೆ ದಮ್ಮಾಮಿನ ಕಡಲತೀರಕ್ಕೆ ಹಾರುವ ದಾರಿಯನ್ನು ಯೋಚಿಸುತ್ತಿದ್ದರು. ಮೀನಿನ ಪೊಟ್ಟಣ ಎಲ್ಲೂ ಬರಲಿಲ್ಲ. ಒಲೆ ಬರಲಿಲ್ಲ. ಕೈಜಮ್ಮನ ಹೆಸರಿರಲಿ, ಮುಹ್ಸಿನಾಳ ಹೆಸರು ಕೂಡ ಬರಲಿಲ್ಲ. ಭಾಷಣದ ಕೊನೆಯ ಭಾಗದಲ್ಲಿ, “ನನ್ನ ಹೆಂಡತಿಯೂ ಸಹಾಯ ಮಾಡ್ತಾಳೆ,” ಎಂಬಲ್ಲಿ ಅವಳು ಒಮ್ಮೆ ಬಂದು ಹೋದಳು.

“ಕೊನೆಗೆ ನಾನು ಹೇಳುವುದು ಒಂದೇ,” ಎಂದ ಅಶ್ಕರ್, ಬೆವರು ಒರೆಸಿಕೊಂಡು. “ಬೇರೆಯವರ ಮಾತು ಕೇಳಬೇಡಿ. ನಿಮ್ಮ ಮನಸ್ಸು ಹೇಳಿದ್ದು ಮಾಡಿ. ನಾನು ಹಾಗೆ ಮಾಡಿದವನು.”

ಈ ಸಲ ಚಪ್ಪಾಳೆ ಬಹಳ ಹೊತ್ತಿನವರೆಗೆ ನಿಲ್ಲಲೇ ಇಲ್ಲ. ಹಿಂದಿನ ಸಾಲಿನ ಮಕ್ಕಳು ಎದ್ದು ನಿಂತರು. ಮುಖ್ಯೋಪಾಧ್ಯಾಯಿನಿ ಸೌದಾಮಿನಿ ಟೀಚರ್ ಕಣ್ಣೊರೆಸಿಕೊಂಡು, ಮಾಸ್ಟ್ರತ್ತ ಬಾಗಿ, “ಎಷ್ಟು ಸ್ಫೂರ್ತಿ ಅಲ್ವಾ?” ಎಂದರು. ಮಾಸ್ಟ್ರು ಹೌದೆಂದು ತಲೆಯಾಡಿಸಿದರು. ಸ್ಫೂರ್ತಿ ಇತ್ತು, ಅದರಲ್ಲಿ ಸುಳ್ಳಿರಲಿಲ್ಲ.

ಸಂಜೆ ಮನೆಗೆ ಬಂದಾಗ ಶ್ರೀರಂಜಿನಿ ಬ್ಯಾಂಕಿನಿಂದ ಬಂದು ಕಾಲು ಚಾಚಿ ಕುಳಿತಿದ್ದಳು. ಮಾಸ್ಟ್ರು ಚಪ್ಪಲಿ ಬಿಚ್ಚುತ್ತ ಎಲ್ಲವನ್ನೂ ಹೇಳಿದರು. ಕಡಲತೀರ, ಗಾಳಿ, ಹಾರಿಬಂದ ಪತ್ರಿಕೆ. ಅವಳು ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು.

“ಮತ್ತೆ ನೀವು ಎದ್ದು ನಿಂತು ನಿಜ ಹೇಳ್ಲಿಲ್ವಾ?”

“ಧನ್ಯವಾದ ಸಮರ್ಪಣೆ ನನ್ನದೇ ಇತ್ತು.”

“ಎಂತ ಹೇಳಿದಿರಿ?”

ಮಾಸ್ಟ್ರು ಅಂಗಿಯನ್ನು ಗೂಟಕ್ಕೆ ಸಿಕ್ಕಿಸಿದರು. “ಧನ್ಯವಾದ ಹೇಳಿದೆ,” ಎಂದರು.